ವೆಲಿಂಗ್ಟನ್ ಗುಡ್ಡದಲ್ಲಿ ನಾನು ಕಿತ್ತ ಕಲ್ಲುಗಳು

ಆಕ್ಲೆಂಡ್ ವಿಮಾನ ನಿಲ್ದಾಣ

ವಿಭೂತಿಯನ್ನು ಯಾವುದರಿಂದ ಮಾಡುತ್ತಾರೆ ಎಂದು ಜೀವನದಲ್ಲಿ ಮೊದಲ ಸಲ ನನ್ನನ್ನು ಕೇಳಿದವರು ಆಕ್ಲೆಂಡ್ ವಿಮಾನ ನಿಲ್ದಾಣದ ಒಬ್ಬ ಅಧಿಕಾರಿ. ಮಣ್ಣು, ಬೀಜ, ಜೇನು, ತುಪ್ಪ ಏನೇ ತಂದಿದ್ದರೂ ಮುಚ್ಚಿಡದೆ ಹೇಳಬೇಕು ಎಂದು ವಿಮಾನದಲ್ಲೇ ಒಂದು ಕಾಗದ ಕೊಟ್ಟಿದ್ದರು. ದೇವರ ಸಾಮಾನಿನ ವಿಷಯದಲ್ಲಿ ಸುಳ್ಳು ಬರೆಯುವುದು ಹೇಗೆ? ಪೂಜೆಯ ಗಂಟು ಬಿಚ್ಚಿ ಅವರ ಮುಂದಿಟ್ಟೆ. ಅವರು ವಿಭೂತಿ ಗಟ್ಟಿಯನ್ನು ಬೆಳಕಿಗೆ ಹಿಡಿದು, "ಇದೇನು ಮೇಡಂ?" ಎಂದರು. ಬೂದಿ ಎಂದೆ. ಯಾವುದರ ಬೂದಿ ಎಂದರು. ಹಸುವಿನ ಸಗಣಿಯದು ಎಂದೆ.

ಪಕ್ಕದಲ್ಲಿದ್ದ ನಮ್ಮವರು ಕಣ್ಣು ಮುಚ್ಚಿಕೊಂಡರು.

ಅಧಿಕಾರಿ ಮುಖ ಸಿಂಡರಿಸಲಿಲ್ಲ. ಕ್ಷಮಿಸಿ, ಇದು ನಮ್ಮ ದೇಶದೊಳಗೆ ಬರುವ ಹಾಗಿಲ್ಲ ಎಂದು ನಿಧಾನವಾಗಿ ಹೇಳಿ, ಗಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಒಂದು ಡಬ್ಬದೊಳಗೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ನೋಡಿದರು, ಅದನ್ನು ಮಾತ್ರ ಕೇಳಲಿಲ್ಲ. ಶಿವ ಅಷ್ಟು ಮಟ್ಟಿಗೆ ಕಾಪಾಡಿದ.

ಆಮೇಲೆ ನಮ್ಮವರ ಸರದಿ. ಮಣ್ಣು ಮೆತ್ತಿದ ಬೂಟು ಏನಾದರೂ ಇದೆಯೇ ಸಾರ್ ಎಂದು ಕೇಳಿದರು. ನಮ್ಮವರು ನನ್ನನ್ನು ನೋಡಿದರು, ನೆಲ ನೋಡಿದರು, ಚೀಲದ ತಳಕ್ಕೆ ಕೈ ಹಾಕಿ ಎರಡು ಬನಿಯನ್ನಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ಸೈಕಲ್ ತುಳಿಯುವ ಬೂಟು. ಅದರ ಹಲ್ಲುಗಳ ಸಂದಿಯಲ್ಲಿ ನಮ್ಮ ಕಡೆಯ ಕೆಂಪು ಮಣ್ಣು ಒಣಗಿ ಕೂತಿತ್ತು.

ಸೈಕಲ್ ಹತ್ತುವುದಿಲ್ಲ ಎಂದು ನನಗೆ ಮಾತು ಕೊಟ್ಟು ಆಗಲೇ ಒಂದೂವರೆ ವರ್ಷವಾಗಿತ್ತು.

"ಯಾಕ್ರೀ ಇದು?" ಎಂದೆ.

"ಸುಮ್ನೆ ಹಾಕ್ಕೊಂಡೆ ಕಣೇ. ಅಲ್ಲಿ ಗುಡ್ಡ ಇದಾವಂತೆ. ನಡೆಯೋಕೆ ಆಗತ್ತೆ."

ಅಧಿಕಾರಿ ಬೂಟನ್ನು ಒಳಗೆ ಕೊಂಡೊಯ್ದು ತಾವೇ ತೊಳೆದು, ಒರೆಸಿ, ಕವರಿನಲ್ಲಿ ಹಾಕಿ ತಂದುಕೊಟ್ಟರು. ನಗುತ್ತಾ, "ಚೆನ್ನಾಗಿ ಸವಾರಿ ಮಾಡಿ" ಎಂದೂ ಹೇಳಿದರು. ನನ್ನ ಬೂದಿ ಅಲ್ಲೇ ಉಳಿಯಿತು, ಇವರ ಬೂಟು ಹೊರಗೆ ಬಂತು. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಮಾರ್ಗರೆಟ್ ಮನೆ

ನಮ್ಮವರು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಹಾಲು ಕಾಯಿಸುವ ದೊಡ್ಡ ಯಂತ್ರಗಳಿಗೆ ವಾಲ್ವು ಮಾಡುತ್ತಾರೆ. ಅದನ್ನು ಕೊಳ್ಳುವ ಕಂಪನಿ ವೆಲಿಂಗ್ಟನ್ನಿನ ಹತ್ತಿರ ಇರುವುದರಿಂದ ಮೂರು ವಾರಕ್ಕೆ ಕರೆಸಿಕೊಂಡಿತ್ತು. ಹೆಂಡತಿಯೂ ಬರಬಹುದು ಎಂದರು, ಬಂದೆ. ನಮಗೆ ಉಳಿಯಲು ಕಾರೋರಿ ಎಂಬ ಬಡಾವಣೆಯಲ್ಲಿ ಮಾರ್ಗರೆಟ್ ಎಂಬ ಹೆಂಗಸಿನ ಮನೆಯ ಹಿಂಭಾಗದ ಎರಡು ಕೋಣೆ ಗೊತ್ತುಮಾಡಿದ್ದರು.

ವೆಲಿಂಗ್ಟನ್ ಎಂದರೆ ಗಾಳಿ. ನಮ್ಮಲ್ಲಿ ಆಷಾಢದಲ್ಲಿ ಬೀಸುವುದು ಅಲ್ಲಿ ದಿನವೂ ಬೀಸುತ್ತದೆ. ಮನೆಗಳು ಮರದವು, ಗುಡ್ಡದ ಮೈಗೆ ಗುಬ್ಬಿ ಗೂಡು ಅಂಟಿಸಿದ ಹಾಗೆ. ಮೊದಲ ದಿನ ಒಗೆದ ಸೀರೆಯನ್ನು ಹಗ್ಗಕ್ಕೆ ಹಾಕಿ ಒಳಗೆ ಬಂದೆ. ಹೊರಗೆ ಹೋಗುವಷ್ಟರಲ್ಲಿ ಅದು ಮೂರನೇ ಮನೆಯ ನಿಂಬೆ ಗಿಡದ ಮೇಲಿತ್ತು. ಆ ಮನೆಯಾತ ಅದನ್ನು ಅಚ್ಚುಕಟ್ಟಾಗಿ ಮಡಿಚಿ, ಮೇಲೆ ನಾಲ್ಕು ನಿಂಬೆಹಣ್ಣಿಟ್ಟು ತಂದುಕೊಟ್ಟ. ಬರಿಗಾಲಲ್ಲಿ ಬಂದಿದ್ದ. ಅಲ್ಲಿ ದೊಡ್ಡ ಅಂಗಡಿಗೂ ಬರಿಗಾಲಲ್ಲೇ ಹೋಗುತ್ತಾರೆ. ನಮ್ಮಲ್ಲಿ ಗುಡಿಗೆ ಹೋಗುವಾಗ ಮಾತ್ರ ನೆನಪಾಗುವ ಮರ್ಯಾದೆಯನ್ನು ಇವರು ತರಕಾರಿ ಅಂಗಡಿಗೂ ಕೊಡುತ್ತಾರಲ್ಲ ಅನ್ನಿಸಿತು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ನಾವಿರುವ ಹೂಡಿಯಲ್ಲಿ ಬಸ್ಸು ಪೂರ್ತಿ ನಿಂತರೆ ನಾವು ದೇವರಿಗೆ ಹೇಳುತ್ತೇವೆ.

ಮಾರ್ಗರೆಟ್ಟರಿಗೆ ಅರವತ್ತೆಂಟು. ಗಂಡ ತೀರಿಕೊಂಡು ಆರು ವರ್ಷ. ಶಾಲೆಯಲ್ಲಿ ನರ್ಸ್ ಆಗಿದ್ದವರು. ಅವರ ಇಂಗ್ಲಿಷನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಬರೆಯುತ್ತೇನೆ. ಬೆಳಿಗ್ಗೆ ನಾನು ವಿಭೂತಿ ಇಲ್ಲದೆ ಪೂಜೆಗೆ ಕೂತು ಕಸಿವಿಸಿ ಪಡುತ್ತಿದ್ದಾಗ, ಏನಾಯಿತು ಎಂದು ಕೇಳಿದರು. ಹೇಳಿದೆ. ಒಳಗೆ ಹೋಗಿ ತಮ್ಮ ಕಟ್ಟಿಗೆ ಒಲೆಯ ಬೂದಿಯನ್ನು ಒಂದು ಬಟ್ಟಲಲ್ಲಿ ತಂದರು. "ಹಸುವಿನದಲ್ಲ. ಮರದ್ದು. ನಡೆಯುತ್ತಾ?" ತೆಳು ಬಟ್ಟೆಯಲ್ಲಿ ಸೋಸಿ, ಶಿವಾ ನೀನೇ ನೋಡಿಕೋ ಎಂದು ಹಚ್ಚಿಕೊಂಡೆ. ಮೂರು ವಾರ ಅದೇ ನಡೆಯಿತು.

ಅವರ ವರಾಂಡದಲ್ಲಿ ಚಪ್ಪಲಿ ಇಡುವ ಜಾಗದಲ್ಲಿ ಎರಡು ಗುಡ್ಡದ ಸೈಕಲ್ ನಿಂತಿದ್ದವು, ಒಂದು ಅವರದು, ಒಂದು ತೀರಿಕೊಂಡ ಗಂಡನದು. ದಪ್ಪ ಟೈರು, ಮುಂದೆ ಸ್ಪ್ರಿಂಗು. ನಮ್ಮವರು ಮಾತಾಡದೆ ಗಂಡನ ಸೈಕಲ್ಲಿನ ಬ್ರೇಕನ್ನು ಒಂದು ಬೆರಳಿನಿಂದ ಒತ್ತಿ ನೋಡಿದರು. ಮಗುವಿನ ಕೆನ್ನೆ ಮುಟ್ಟುವ ಹಾಗೆ.

"ಈ ಮನೆಯನ್ನು ಹೇಗೆ ಆರಿಸಿದಿರಿ?" ಎಂದು ಅವರು ಮಾರ್ಗರೆಟ್ಟರನ್ನು ಕೇಳಿದರು.

"ಹದಿನೇಳು ಮನೆ ಬೇಡ ಅಂದಮೇಲೆ" ಎಂದರು ಮಾರ್ಗರೆಟ್. "ಮನೆ ತೋರಿಸೋನು ಅಡುಗೆಮನೆ ತೋರಿಸ್ತಿದ್ದ, ನಾವು ಹಿಂದಿನ ಬಾಗಿಲು ತೆಗೆದು ಗುಡ್ಡ ನೋಡ್ತಿದ್ವಿ. ಮೂರೇ ಪ್ರಶ್ನೆ. ಬಾಗಿಲಿನಿಂದಲೇ ತುಳಿದುಕೊಂಡು ಹೋಗಬಹುದಾ? ಕಾರಿಗೆ ಏರಿಸಬೇಕು ಅಂದರೆ ಸೈಕಲ್ ವರಾಂಡದಲ್ಲೇ ಮುದಿಯಾಗುತ್ತೆ. ಮಳೆ ಬಂದರೆ ದಾರಿ ಒಣಗೋಕೆ ಎಷ್ಟು ದಿನ ಬೇಕು? ಕೊನೇದು, ಬಿದ್ದರೆ ಯಾರು ಬರ್ತಾರೆ?"

ನಾನು ಪಾತ್ರೆ ಒರೆಸುತ್ತಿದ್ದವಳು ನಿಂತೆ. ನಮ್ಮಲ್ಲಿ ಮನೆ ನೋಡಲು ಹೋದರೆ ಮೊದಲು ಬೋರ್‌ವೆಲ್, ಆಮೇಲೆ ಈಶಾನ್ಯ ಮೂಲೆ. ಬಿದ್ದರೆ ಯಾರು ಬರುತ್ತಾರೆ ಎಂದು ಯಾರೂ ಕೇಳಿದ್ದು ನಾನು ಕಾಣೆ.

ನಾವು ಬಿಟ್ಟು ಬಂದ ಎರಡು ಮನೆ

ನಮ್ಮ ಮುಂದೆಯೂ ಮನೆಯ ಪ್ರಶ್ನೆ ಇತ್ತು. ಹೂಡಿಯಲ್ಲಿ ನಾವು ಎಂಟು ವರ್ಷದಿಂದ ಬಾಡಿಗೆಗಿದ್ದ ಫ್ಲ್ಯಾಟನ್ನು ಮಾಲೀಕರು ಮಾರಲು ಹೊರಟಿದ್ದರು. ಮೊದಲ ಮಾತು ನಿಮಗೇ ಎಂದಿದ್ದರು. ನಾವು ಹೋದ ಹೊಸತರಲ್ಲಿ ನಮ್ಮವರ ಕಾರ್ಖಾನೆ ವೈಟ್‌ಫೀಲ್ಡಿನಲ್ಲಿತ್ತು, ನಡೆದೇ ಹೋಗುತ್ತಿದ್ದರು. ಅದು ಪೀಣ್ಯಕ್ಕೆ ಹೋದ ಮೇಲೆ ಊರಿನ ಆ ತುದಿಯಿಂದ ಈ ತುದಿಗೆ ದಿನಕ್ಕೆ ನಾಲ್ಕು ಗಂಟೆ ರಸ್ತೆಯ ಮೇಲೆ. ತುಮಕೂರು ರಸ್ತೆಯಲ್ಲಿ ಮೆಟ್ರೋದ ಕಂಬಗಳು ಎದ್ದಿದ್ದವು, ರೈಲು ಇನ್ನೂ ಬಂದಿರಲಿಲ್ಲ. ಆದರೂ ನನಗೆ ಹೂಡಿ ಬಿಡಲು ಮನಸ್ಸಿಲ್ಲ. ಆ ಕಟ್ಟಡದಲ್ಲಿ ನಮ್ಮ ಕಡೆಯವು ಒಂಬತ್ತು ಮನೆ, ದಾವಣಗೆರೆ, ಗದಗ, ಬಾಗಲಕೋಟೆಯವು. ಸೋಮವಾರ ಸಂಜೆ ಯಾರದಾದರೂ ಮನೆಯಲ್ಲಿ ಭಜನೆ. ನನಗೆ ಜ್ವರ ಬಂದರೆ ಮೂರು ಮನೆಯಿಂದ ಗಂಜಿ ಬರುತ್ತಿತ್ತು.

ನಮ್ಮವರು ಹೆಸರಘಟ್ಟದ ಕಡೆ ಒಂದು ಸಣ್ಣ ಮನೆ ನೋಡಿಟ್ಟಿದ್ದರು. ಕಾರ್ಖಾನೆಗೆ ಹತ್ತಿರ ಎಂಬುದು ಅವರು ಹೇಳಿದ ಕಾರಣ. ಮನೆಯ ಹಿಂದಿನಿಂದಲೇ ಕುರುಚಲು ಗುಡ್ಡ, ಸೈಕಲ್ ದಾರಿ ಎಂಬುದು ಹೇಳದ ಕಾರಣ.

ನಲವತ್ತೈದಕ್ಕೆ ಅವರಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಸೈಕಲ್ ತುಳಿಯಿರಿ ಎಂದಿದ್ದರು. ರಸ್ತೆಯಲ್ಲಿ ತುಳಿಯುವವರು ಗುಡ್ಡಕ್ಕೆ ಯಾವಾಗ ಹತ್ತಿದರೋ ನನಗೆ ತಿಳಿಯಲಿಲ್ಲ. ಭಾನುವಾರ ಮೈತುಂಬ ಮಣ್ಣು ಮಾಡಿಕೊಂಡು ಬಂದು, ಸ್ನಾನದ ಮನೆಯಲ್ಲಿ ಹಾಡುತ್ತಿದ್ದರು. ಸಕ್ಕರೆಯೂ ಇಳಿಯಿತು. ಒಂದು ದಿನ ನಂದಿ ಬೆಟ್ಟದ ಆಚೆ ಒಬ್ಬರೇ ಹೋದಾಗ ಕೊರಕಲಿನಲ್ಲಿ ಬಿದ್ದರು. ಹೆಗಲ ಮೂಳೆ ಮುರಿಯಿತು. ಒಂದು ಗಂಟೆಗೂ ಮೇಲೆ ಆ ಕಲ್ಲುಗಳ ಮೇಲೆ ಬಿದ್ದಿದ್ದರು. ಕುರಿ ಕಾಯುವವನೊಬ್ಬ ಕಂಡದ್ದು ನಮ್ಮ ಪುಣ್ಯ. ಆಸ್ಪತ್ರೆಯಲ್ಲಿ ಅವರ ಗಟ್ಟಿಯಿದ್ದ ಕೈಯನ್ನು ತೆಗೆದು ನನ್ನ ಕರಡಿಗೆಯ ಮೇಲೆ ಇಡಿಸಿಕೊಂಡು, "ಇನ್ಮೇಲೆ ಹತ್ತಲ್ಲ ಅನ್ನಿ" ಎಂದೆ. ಅಂದರು.

ಅಂದಮೇಲೆ ಅವರು ತಪ್ಪುವವರಲ್ಲ. ಸೈಕಲ್ ಬಾಲ್ಕನಿಯಲ್ಲಿ ನಿಂತಿತು. ಹಾಡು ನಿಂತಿತು. ಸಕ್ಕರೆ ಮತ್ತೆ ಏರಿತು. ಮನೆಯ ವಿಷಯ ತೆಗೆದರೆ, "ನೀನೇ ಹೇಳು, ನಂಗೆ ಎಲ್ಲಾದ್ರೂ ಆಗತ್ತೆ" ಎನ್ನುತ್ತಿದ್ದರು. ಜಗಳವಾಡಿದ್ದರೆ ಗೆಲ್ಲುತ್ತಿದ್ದೆ. ಆ ಮಾತಿನ ಮುಂದೆ ಏನು ಮಾಡುವುದು? ವಾಪಸು ಹೋದ ವಾರದೊಳಗೆ ಎರಡೂ ಕಡೆ ಉತ್ತರ ಕೊಡಬೇಕಿತ್ತು. ಹೂಡಿ ಎಂದರೆ ಆ ಸೈಕಲ್ಲಿನ ಕಥೆ ಅಲ್ಲಿಗೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ಗುರುವಾರ, ಗುಡ್ಡದ ದಾರಿ

ಎರಡನೇ ವಾರ ಮಾರ್ಗರೆಟ್ ನಮ್ಮವರನ್ನು ಕೇಳಿಯೇಬಿಟ್ಟರು. "ಶನಿವಾರ ಬನ್ನಿ ನನ್ನ ಜೊತೆ. ನನ್ನ ಗಂಡನ ಸೈಕಲ್ ನಿಮ್ಮ ಎತ್ತರಕ್ಕೆ ಸರಿಹೋಗುತ್ತೆ."

"ಇಲ್ಲ, ಮಾತು ಕೊಟ್ಟಿದೀನಿ" ಎಂದರು ಇವರು. ಯಾರಿಗೆ ಎಂದು ಹೇಳಲಿಲ್ಲ. ಮಾರ್ಗರೆಟ್ ನನ್ನತ್ತ ತಿರುಗಿ ನೋಡಿದರು. ಆ ನೋಟದಲ್ಲಿ ಆಪಾದನೆ ಇರಲಿಲ್ಲ, ಅದೇ ಕಷ್ಟವಾಯಿತು. "ಒಂದು ಸಲ. ಸುಲಭದ ದಾರಿಯಾದರೆ" ಎಂದುಬಿಟ್ಟೆ. ಇವರು ಊಟದ ತಟ್ಟೆಯಿಂದ ತಲೆ ಎತ್ತಿ, "ನಿಜವಾಗ್ಲೂ?" ಎಂದ ಪರಿ ನೋಡಬೇಕಿತ್ತು.

ಹೇಳಿದ ಮೇಲೆ ನನಗೆ ನಿದ್ದೆ ಇಲ್ಲ. ಯಾವುದು ಆ ಸುಲಭದ ದಾರಿ ಎಂದು ಮಾರ್ಗರೆಟ್ಟರಿಂದ ತಿಳಿದುಕೊಂಡು, ಗುರುವಾರ ಇವರು ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಗುಡ್ಡ ಹತ್ತಿದೆ. ಒಳ್ಳೆಯ ಜಾಗ. ಕೊರಳಲ್ಲಿ ಬಿಳಿ ಪುಚ್ಚದ ಕಪ್ಪು ಹಕ್ಕಿಗಳು, ಕೆಳಗೆ ಸಮುದ್ರದ ಒಂದು ತುಂಡು. ದಾರಿ ಒಂದು ಮಾರು ಅಗಲ, ನುಣ್ಣಗೆ ಗುಡಿಸಿದ ಹಾಗೆ. ನಮ್ಮ ಬೀದಿ ಹೀಗಿದ್ದರೆ ಎಂದುಕೊಂಡು ನಡೆದೆ. ಅರ್ಧ ಗಂಟೆ ನಡೆದ ಮೇಲೆ ಒಂದು ತಗ್ಗು ಬಂತು. ಅಲ್ಲಿ ನಿಂತುಬಿಟ್ಟೆ. ದಾರಿಯ ತುಂಬ ಕಲ್ಲು. ತೆಂಗಿನಕಾಯಿ ಗಾತ್ರದ್ದು, ಅದಕ್ಕಿಂತ ದೊಡ್ಡದು, ಹತ್ತು ಹೆಜ್ಜೆ ಉದ್ದಕ್ಕೂ. ಗುಡ್ಡ ಜರಿದಿದೆ ಎಂದುಕೊಂಡೆ. ಪಕ್ಕದ ಎರಡು ಮರಕ್ಕೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ್ದರು. ಇಲ್ಲಿಯವರೂ ಹರಕೆ ಕಟ್ಟುತ್ತಾರಲ್ಲ, ಯಾರು ಬಿದ್ದಿದ್ದರೋ ಪಾಪ ಎಂದು ಕೈಮುಗಿದೆ.

ನನ್ನ ಅಜ್ಜಿ ದಾರಿಯಲ್ಲಿ ಕಲ್ಲು ಮುಳ್ಳು ಕಂಡರೆ ಬಗ್ಗಿ ತೆಗೆಯದೆ ಮುಂದೆ ಹೋದವಳಲ್ಲ. ಯಾರ ಕಾಲಿಗೋ ತಾಗುವುದು ತಪ್ಪಿದರೆ ಒಂದು ಪೂಜೆಗೆ ಸಮ ಎನ್ನುತ್ತಿದ್ದಳು. ನಾನು ಸೆರಗು ಕಟ್ಟಿದೆ. ನಮಃ ಶಿವಾಯ ಎನ್ನುತ್ತಾ ಒಂದೊಂದೇ ಕಲ್ಲನ್ನು ಎತ್ತಿ ಇಳಿಜಾರಿಗೆ ಉರುಳಿಸಿದೆ. ಕೆಲವು ಅರ್ಧ ಹೂತಿದ್ದವು, ಕೋಲಿನಿಂದ ಮೀಟಿ ತೆಗೆದೆ. ಉಗುರು ಒಡೆದವು. ಎರಡು ಗಂಟೆಯಲ್ಲಿ ಆ ತಗ್ಗು ಹಸೆಯ ಹಾಗೆ ಸಪಾಟಾಯಿತು. ನಮ್ಮವರು ಇನ್ನು ಇಲ್ಲಿ ಬೀಳುವುದಿಲ್ಲ ಎಂದು ನೆಮ್ಮದಿಯಾಯಿತು. ಅಷ್ಟೊಂದು ಸಂತೋಷದಿಂದ ನಾನು ಎಷ್ಟೋ ವರ್ಷದಿಂದ ಮನೆಗೆ ನಡೆದಿರಲಿಲ್ಲ.

ಶನಿವಾರ

ಶುಕ್ರವಾರ ಪೂರ್ತಿ ಮಳೆ. ಶನಿವಾರ ಬೆಳಗಾಗುವಾಗ ನಿಂತು ಬಿಸಿಲು ಬಂತು. ಮಾರ್ಗರೆಟ್, "ಪರವಾಗಿಲ್ಲ, ಈ ದಾರಿ ಮಳೆಗೆ ಹೆದರಲ್ಲ" ಎಂದರು. ಇವರು ತೊಳೆದ ಬೂಟು ಹಾಕಿಕೊಂಡು ಸೈಕಲ್ ಹತ್ತಿದರು. ಮೊದಲ ಎರಡು ತುಳಿತ ಅತ್ತಿತ್ತ ವಾಲಿತು, ಮೂರನೆಯದಕ್ಕೆ ಬೆನ್ನು ನೆಟ್ಟಗಾಯಿತು. ಮಾರ್ಗರೆಟ್ ಮುಂದೆ, ಇವರು ಹಿಂದೆ. ಅವರು ಮೇಲೆ ಸುತ್ತಿಕೊಂಡು ಬರುವಷ್ಟರಲ್ಲಿ ನಾನು ಅಡ್ಡದಾರಿಯಲ್ಲಿ ನಡೆದು ಆ ತಗ್ಗಿನ ಹತ್ತಿರ ಹೋಗಿ ನಿಂತೆ. ನಾನು ಮಾಡಿದ ಕೆಲಸ ನೋಡುವ ಆಸೆ.

ತಗ್ಗಿನಲ್ಲಿ ಕೆಸರು. ರಾಗಿ ಅಂಬಲಿಯ ಹಾಗೆ.

ನಾನು ಕೂಗುವಷ್ಟರಲ್ಲಿ ಮಾರ್ಗರೆಟ್ ತಿರುವಿನಲ್ಲಿ ಕಾಣಿಸಿಕೊಂಡರು. ಜೋರಾಗಿ ಬರುತ್ತಿದ್ದರು, ಕೆಳಗೆ ಕಲ್ಲಿದೆ ಎಂಬ ಧೈರ್ಯದಲ್ಲಿ. ಮುಂದಿನ ಚಕ್ರ ಕೆಸರಿನಲ್ಲಿ ಹೂತು ನಿಂತುಬಿಟ್ಟಿತು, ಅವರು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದರು. ಹಿಂದಿನಿಂದ ಬಂದ ನಮ್ಮವರು ಹೇಗೆ ಬ್ರೇಕ್ ಹಿಡಿದರೋ, ಒಂದು ಅಡಿ ಈಚೆಗೆ ನಿಂತರು. ಸೈಕಲ್ ಬಿಟ್ಟು ಓಡಿ ಹೋಗಿ ಎತ್ತಿ ಕೂರಿಸಿದರು.

ಮಾರ್ಗರೆಟ್ ಮೊದಲು ನಕ್ಕರು. ಮುಖದ ಕೆಸರು ಒರೆಸಿಕೊಂಡರು. ಆಮೇಲೆ ಕೆಳಗೆ ನೋಡಿ, "ಕಲ್ಲು ಎಲ್ಲಿ?" ಎಂದರು.

ನಮ್ಮವರು ಬಗ್ಗಿ ಕೆಸರಿಗೆ ಕೈ ಹಾಕಿ ನೋಡಿದರು.

"ಹೋದ ಭಾನುವಾರ ಹನ್ನೊಂದು ಜನ ಬಕೆಟ್ಟಿನಲ್ಲಿ ಹೊತ್ತು ತಂದು ಜೋಡಿಸಿದ ಕಲ್ಲು. ಈ ತಗ್ಗಿನಲ್ಲಿ ನೀರು ನಿಲ್ಲುತ್ತೆ ಅಂತ. ಸೈಕಲ್ ಹಾಯುವಷ್ಟು ಕೂತಿತ್ತು, ನಾಳೆ ಪೂರ್ತಿ ಬಡಿದು ಕೂರಿಸಬೇಕಿತ್ತು. ಕೆಲಸ ನಡೀತಿದೆ ಅಂತ ಪಟ್ಟಿ ಕೂಡ ಕಟ್ಟಿದ್ವಿ." ಮಾರ್ಗರೆಟ್ ಕೆಸರಿನ ಅಂಚನ್ನು ಬೆರಳಿನಿಂದ ತೋರಿಸಿದರು. "ಯಾರೋ ಬೇಕು ಅಂತಲೇ ಕಿತ್ತಿದಾರೆ. ನೋಡಿ, ಕೋಲಿನಿಂದ ಮೀಟಿದಾರೆ."

ನಾನು ನನ್ನ ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರ ಎಡ ಮಣಿಕಟ್ಟು ಕಣ್ಣೆದುರೇ ಊದಿಕೊಳ್ಳುತ್ತಿತ್ತು.

ಮೂಳೆ ಮುರಿದಿಲ್ಲ, ಉಳುಕಿದೆ ಎಂದು ಅವರೇ ನೋಡಿಕೊಂಡು ಹೇಳಿದರು. ನರ್ಸ್ ಅಲ್ಲವೇ. ಅಷ್ಟು ಮಟ್ಟಿಗೆ ದೇವರು ದೊಡ್ಡವನು ಎಂದುಕೊಂಡೆ. ಆದರೆ ಮಧ್ಯಾಹ್ನ ಅವರು ತಮ್ಮ ಗುಂಪಿನವರಿಗೆಲ್ಲ ಫೋನ್ ಮಾಡಿ, ಯಾರೋ ಪುಂಡರು ದಾರಿ ಕೆಡಿಸಿದ್ದಾರೆ, ನಾಳೆ ಕೆಲಸ ಬೇಡ, ಮುಂದಿನ ವಾರ ಮೊದಲಿನಿಂದ ಶುರುಮಾಡೋಣ ಎನ್ನುತ್ತಿದ್ದುದು ಗೋಡೆಯಾಚೆ ಕೇಳುತ್ತಿತ್ತು. ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಭಾನುವಾರ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಕಣ್ಣು ಎತ್ತಿ ನೋಡಲಾಗಲಿಲ್ಲ. ಹಾಗೇ ಕರಡಿಗೆ ಮುಚ್ಚಿ, ಎದ್ದು ಮಾರ್ಗರೆಟ್ಟರ ಅಡುಗೆಮನೆಗೆ ಹೋದೆ. ನಮ್ಮವರು ಅಲ್ಲೇ ಕಾಫಿ ಕುಡಿಯುತ್ತಿದ್ದರು. ಕೈಗಳನ್ನು ಮೇಜಿನ ಮೇಲೆ ಚಾಚಿದೆ. "ಪುಂಡರಲ್ಲ. ನಾನು."

"ಗಿರಿಜಾ, ನೀನಾ?" ಎಂದರು ಇವರು.

ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅಜ್ಜಿ, ಪುಣ್ಯ, ಹರಕೆ ಪಟ್ಟಿ ಎಲ್ಲ. ಹರಕೆಯ ಮಾತು ಬಂದಾಗ ಮಾರ್ಗರೆಟ್ ತುಟಿ ಕಚ್ಚಿಕೊಂಡರು, ನಗುವಿಗೋ ಸಿಟ್ಟಿಗೋ ತಿಳಿಯಲಿಲ್ಲ.

"ಇವರು ಬೀಳಬಾರದು ಅಂತ ಮಾಡಿದೆ" ಎಂದೆ.

ಆಗ ನಮ್ಮವರು ಕನ್ನಡದಲ್ಲಿ, ತುಂಬ ಮೆಲ್ಲಗೆ ಹೇಳಿದರು. "ಕಲ್ಲಿದ್ರೆ ನಾನು ನೋಡ್ಕೊಂಡು ಓಡಿಸ್ತಿದ್ದೆ ಕಣೇ. ಅದಕ್ಕೇ ಅಲ್ವಾ ಗುಡ್ಡ ಹತ್ತೋದು? ನೀನು ನನ್ನ ಕಣ್ಣನ್ನೇ ನಂಬ್ಲಿಲ್ಲ." ಒಂದೂವರೆ ವರ್ಷದಲ್ಲಿ ಅವರು ನನ್ನ ಎದುರು ಆಡಿದ ಮೊದಲ ಸಿಟ್ಟಿನ ಮಾತು ಅದು. ನನಗೆ ಅಳು ಬಂತು. ಜೊತೆಗೇ, ಸದ್ಯ ಬೈದರಲ್ಲ ಎಂದೂ ಅನ್ನಿಸಿತು.

ಮಾರ್ಗರೆಟ್ ನನ್ನ ಒಡೆದ ಉಗುರುಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ, "ಎರಡು ಗಂಟೇಲಿ ಅಷ್ಟೂ ಕಲ್ಲು ಒಬ್ಬರೇ ತೆಗೆದಿರಾ?" ಎಂದರು.

"ಹೌದು."

"ನಮ್ಮ ಹನ್ನೊಂದು ಜನಕ್ಕೆ ಒಂದು ಇಡೀ ದಿನ ಹಿಡಿಯಿತು. ಮುಂದಿನ ಭಾನುವಾರ ನೀವು ಬರ್ತಿದೀರಿ."

ಮುಂದಿನ ಭಾನುವಾರ

ಆ ವಾರ ಪೂರ್ತಿ ಎರಡು ಮನೆಯ ಅಡುಗೆಯೂ ನನ್ನದೇ. ಮಾರ್ಗರೆಟ್ಟರ ಕೈಗೆ ಉಪ್ಪಿನ ಶಾಖ ಕೊಟ್ಟೆ, ಅರಿಸಿನದ ಪಟ್ಟು ಹಾಕಿದೆ. "ನರ್ಸಿಗೆ ನರ್ಸ್" ಎಂದು ನಗುತ್ತಿದ್ದರು. ಅವರ ಹಳದಿ ಕೈ ನೋಡಿ ನಿಂಬೆ ಗಿಡದ ಮನೆಯಾತ, "ಏನಿದು, ಬಣ್ಣ ಬಳಿದುಕೊಂಡಿದೀರಾ?" ಎಂದು ಕೇಳಿದನಂತೆ.

ಭಾನುವಾರ ಗುಡ್ಡದ ಮೇಲೆ ಗುಂಪು ಸೇರಿತು. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಬಸ್ ಓಡಿಸುವವನು, ಬಸುರಿ ಹೆಂಗಸೊಬ್ಬಳು. ಯಾರಿಗೂ ಕೂಲಿಯಿಲ್ಲ, ಯಾರ ಹೆಸರಿನ ಫಲಕವೂ ಇಲ್ಲ. ನಮ್ಮಲ್ಲಿ ಗುಡಿಯ ಒಂದು ಟ್ಯೂಬ್‌ಲೈಟಿನ ಮೇಲೂ ಕೊಟ್ಟವರ ಹೆಸರು ಇರುತ್ತದೆ, ಬೆಳಕೇ ಕಾಣುವುದಿಲ್ಲ. ಮಾರ್ಗರೆಟ್ ನನ್ನನ್ನು ಮುಂದೆ ನಿಲ್ಲಿಸಿ, "ಇವರು ಗಿರಿಜಾ. ಕಲ್ಲು ತೆಗೆದವರು ಇವರೇ. ಇವತ್ತು ವಾಪಸು ಇಡ್ತಾರೆ" ಎಂದರು. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಬಸ್ಸಿನವನು ನನ್ನ ಸೀರೆಯನ್ನು, ಕೈಯನ್ನು ನೋಡಿ, "ಅಬ್ಬಾ, ನಮ್ಮ ಕಡೆ ಸೇರಿಕೊಳ್ಳಿ ಅಮ್ಮಾ, ಎದುರಾಳಿಯಾಗಿ ಬೇಡ" ಎಂದ. ಎಲ್ಲರೂ ನಕ್ಕರು. ಯಾರೋ ಕೈಗವಸು ಕೊಟ್ಟರು.

ನಾನು ಉರುಳಿಸಿದ ಕಲ್ಲುಗಳನ್ನು ನಾನೇ ಇಳಿದು ಹುಡುಕಿ ಹೊತ್ತು ತಂದೆ. ಕಲ್ಲು ಕೂರಿಸುವುದನ್ನು ಮಾರ್ಗರೆಟ್ ಒಂದೇ ಕೈಯಲ್ಲಿ ತೋರಿಸಿದರು. ಚಪ್ಪಟೆ ಮುಖ ಮೇಲೆ. ಮುಕ್ಕಾಲು ಭಾಗ ಮಣ್ಣಿನೊಳಗೆ. ಎರಡು ಕಲ್ಲಿನ ನಡುವೆ ಬೆರಳು ತೂರಬಾರದು. ಕೂರಿಸಿದ ಮೇಲೆ ಅದರ ಮೇಲೆ ನಿಂತು ಕುಣಿಯಬೇಕು, ಅಲುಗಿದರೆ ತೆಗೆದು ಮತ್ತೆ. ರೊಟ್ಟಿಯ ಹಿಟ್ಟು ನಾದುವ ಕೈಗೆ ಈ ಲೆಕ್ಕ ಬೇಗ ಹತ್ತಿತು. ಮಧ್ಯಾಹ್ನ ನಾನು ಮಾಡಿ ತಂದಿದ್ದ ಅವಲಕ್ಕಿಯನ್ನು ಎಲ್ಲರೂ ಕೆಸರುಗೈ ಒರೆಸಿಕೊಂಡು ತಿಂದರು.

ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಹೊಸದಾಗಿ ಕೂರಿಸಿದ ಜಾಗದ ಮೇಲೆ ಮೊದಲು ಯಾರಾದರೂ ಹೋಗಬೇಕು. ಎಲ್ಲರೂ ನಮ್ಮವರನ್ನು ನೋಡಿದರು. ನಮ್ಮವರು ನನ್ನನ್ನು ನೋಡಿದರು. ಒಂದು ಸಲ ಎಂದಿದ್ದೆ, ಆ ಒಂದು ಸಲ ಆಗಿಹೋಗಿತ್ತು.

ಕೈಗವಸು ತೆಗೆದು ಅವರ ಹತ್ತಿರ ಹೋದೆ. ಆಸ್ಪತ್ರೆಯಲ್ಲಿ ಇಡಿಸಿಕೊಂಡ ಅದೇ ಕೈಯನ್ನು ಹಿಡಿದು ಕರಡಿಗೆಯ ಮೇಲಿಟ್ಟುಕೊಂಡು, "ಆ ಮಾತು ವಾಪಸು ತಗೊಂಡೆ ಶಿವಾ, ನನ್ನದೇ ಮಾತು, ನಾನೇ ತಗೊಂಡೆ" ಎಂದೆ. ಸುತ್ತ ನಿಂತವರಿಗೆ ಏನೂ ತಿಳಿಯದಿದ್ದರೂ ಟೋಪಿ ತೆಗೆದುಕೊಂಡು ಸುಮ್ಮನೆ ನಿಂತರು. ಇವರಿಗೆ, "ನೋಡ್ಕೊಂಡು ಓಡ್ಸಿ" ಎಂದಷ್ಟೇ ಹೇಳಿದೆ.

ಅವರು ಮೇಲೆ ಹೋಗಿ ಇಳಿದು ಬಂದರು. ನಾನು ಕಣ್ಣು ಮುಚ್ಚಬೇಕೆಂದು ಮಾಡಿದ್ದೆ, ಮುಚ್ಚಲಿಲ್ಲ. ಸೀಟಿನಿಂದ ಸ್ವಲ್ಪ ಎದ್ದು, ಮೊಣಕಾಲು ಮಡಿಚಿ, ಮುಂದಿನ ಹತ್ತು ಹೆಜ್ಜೆಯನ್ನು ಓದುತ್ತಾ ಬರುತ್ತಿದ್ದರು. ಕಲ್ಲಿನ ಮೇಲೆ ಚಕ್ರ ಟಕಟಕ ಎಂದಿತು. ಒಂದೂ ಅಲುಗಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಅವರು ಇಷ್ಟು ಗಮನವಿಟ್ಟು ಏನನ್ನಾದರೂ ನೋಡುವುದನ್ನು ನಾನು ಕಂಡಿರಲಿಲ್ಲ.

ಹೆಸರಘಟ್ಟದ ಕಡೆ

ವಾಪಸು ಬಂದ ನಾಲ್ಕನೇ ದಿನ ಆ ಮನೆ ನೋಡಲು ಹೋದೆವು. ಮಾಲೀಕರು ಮುಖ್ಯರಸ್ತೆಯ ಅಂಗಡಿಯಲ್ಲಿ ಕಾಯುತ್ತೇನೆ ಎಂದು ಬೀಗದ ಕೈ ಕೊಟ್ಟು ಕಳಿಸಿದ್ದರು. ದಾರಿಯುದ್ದಕ್ಕೂ ನಮ್ಮವರು ಸೈಕಲ್ಲಿನ ಮಾತೇ ಎತ್ತಲಿಲ್ಲ. ಮಾತು ವಾಪಸು ತಗೊಂಡಿದ್ದೀಯ, ಮನೆಯನ್ನೂ ಕೊಡು ಎಂದು ಕೇಳುವುದು ಅವರ ಸ್ವಭಾವವಲ್ಲ. ಹೂಡಿಯ ಮನೆಯವರಿಗೆ ಮರುದಿನ ಉತ್ತರ ಹೇಳಬೇಕಿತ್ತು.

ಅವರು ಒಳಗೆ ನಲ್ಲಿ, ಸ್ವಿಚ್ಚು ನೋಡುತ್ತಿರುವಾಗ ನಾನು ಹಿಂದಿನ ಬಾಗಿಲು ತೆಗೆದು ನಡೆದೆ. ಬಾಗಿಲಿನಿಂದ ಗುಡ್ಡದ ದಾರಿಗೆ ಏಳು ನಿಮಿಷ. ಹಿಂದಿನ ದಿನ ಮಳೆಯಾಗಿತ್ತು. ಮಣ್ಣು ಮರಳು ಮಿಶ್ರ, ಕಾಲಿಗೆ ಅಂಟಲಿಲ್ಲ. ಮಾರ್ಗರೆಟ್ಟರ ಮೂರನೆಯ ಪ್ರಶ್ನೆಗೆ ಉತ್ತರ ಕೊಡುವವರು ಅಲ್ಲಿ ಕಾಣಲಿಲ್ಲ. ತಿರುಗಿ ಬಂದಾಗ, ಹಿತ್ತಲ ಪಕ್ಕದಲ್ಲೇ ಕಟ್ಟುತ್ತಿದ್ದ ಒಂದು ಮನೆ, ಅದರ ಮುಂದೆ ತಗಡಿನ ಶೆಡ್ಡು. ಒಬ್ಬ ಹೆಂಗಸು ಒಲೆ ಊದುತ್ತಿದ್ದಳು. ಯಾದಗಿರಿಯ ಕಡೆಯವಳು, ಹೆಸರು ಶರಣಮ್ಮ.

"ಈ ಗುಡ್ಡಕ್ಕೆ ಸೈಕಲ್ಲಿನವರು ಬರ್ತಾರಾ ಶರಣಮ್ಮ?"

"ಬರ್ತಾರ್ರಿ ಅವ್ವಾರ. ಐತವಾರಕ್ಕೊಮ್ಮೆ. ತಲಿ ಮ್ಯಾಲ ಬೋಗಾಣಿ ಡಬ್ಬ ಹಾಕ್ಕೊಂಡು."

"ಬಿದ್ದರೆ?"

"ಬೀಳೂದಂತೂ ಬೀಳ್ತಾರ್ರಿ!" ಎಂದು ನಕ್ಕಳು. "ಬಿದ್ದು ಒದರ್ತಾರ. ಇಲ್ಲೀಮಟ ಕೇಳಸ್ತದ. ನಮ್ಮ ಗಂಡಸ್ರು ಹೋಗಿ ಎತ್ಕೊಂಡು ಬಂದು, ಚಾ ಕುಡಿಸಿ ಕಳಸ್ತಾರ. ಹೋದ ತಿಂಗಳ ಒಬ್ಬವನ್ನ ಜಲ್ಲಿ ಹೊರೂ ಗಾಡಿಯಾಗ ಕುಂಡ್ರಿಸ್ಕೊಂಡು ಹೋಗಿ ರೋಡಿಗಿ ಬಿಟ್ಟಾರ."

ನಮ್ಮ ಕಡೆಯ ಮಾತು ಕೇಳಿ ಮನಸ್ಸು ಹಗುರಾಯಿತು. ಆದರೂ ಕೇಳಿದೆ. "ನೀವು ಎಷ್ಟು ದಿನ ಇರ್ತೀರಿ ಇಲ್ಲಿ?"

"ಈ ಮನಿ ಮುಗಿಯೂಮಟ. ಆಮ್ಯಾಲ ಕೆಲಸ ಎಲ್ಲೈತೋ ಅಲ್ಲಿ."

ಹಾಗಾದರೆ ಆಮೇಲೆ? ನಿಂತು ಗುಡ್ಡ ನೋಡಿದೆ. ಹೂಡಿಯಲ್ಲಿ ನನ್ನ ಒಂಬತ್ತು ಮನೆ, ಸೋಮವಾರದ ಭಜನೆ ಎಲ್ಲ ಇದ್ದವು. ಇಲ್ಲಿಂದ ಅಲ್ಲಿಗೆ ಮೂರು ಬಸ್ಸು ಬದಲಿಸಬೇಕು. ಆದರೆ ಅವರು ಬಿದ್ದು ಕೂಗಿದ ದಿನ ಹೂಡಿಯಲ್ಲಿ ಕೂತಿದ್ದ ನನಗೆ ಕೇಳಿಸಿರಲಿಲ್ಲ. ಇಲ್ಲಿ ಅಡುಗೆಮನೆಯ ಕಿಟಕಿ ತೆರೆದಿಟ್ಟರೆ ಕೇಳಿಸುತ್ತದೆ. ಶರಣಮ್ಮ ಹೋದ ಮೇಲೆ ಕೇಳಿಸಿಕೊಳ್ಳುವವಳು ನಾನು. ಏಳು ನಿಮಿಷದ ದಾರಿ, ಓಡಿದರೆ ಇನ್ನೂ ಕಡಿಮೆ.

"ನೀವು ಬರಾಕತ್ತೀರೇನ್ರಿ ಈ ಮನಿಗಿ?" ಎಂದಳು ಶರಣಮ್ಮ.

"ಹೂಂ, ಬರ್ತೀವಿ" ಎಂದೆ. ಗಂಡನಿಗಿಂತ ಮೊದಲು ಅವಳಿಗೇ ಹೇಳಿದೆ.

ಅವಳು ಸುಮ್ಮನಿರುವವಳಲ್ಲ. ಬಾಗಿಲಿನ ಕಡೆ ತಿರುಗಿ, "ಸಾಹೇಬ್ರ! ಅವ್ವಾರು ಬರ್ತೀವಂದ್ರು ನೋಡ್ರಿ!" ಎಂದು ಕೂಗಿದಳು.

ಒಳಗೆ ನಲ್ಲಿಯ ನೀರು ಮಾತ್ರ ಸುರಿಯುವ ಸದ್ದು. ಬಹಳ ಹೊತ್ತು ಸುರಿಯಿತು. ಹೋಗಿ ನೋಡಿದೆ. ಬಚ್ಚಲಿನಲ್ಲಿ ನಿಂತು ಬೊಗಸೆ ಬೊಗಸೆ ನೀರು ಮುಖಕ್ಕೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ನಲ್ಲಿ ನಿಲ್ಲಿಸಿದರು. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, "ನೀರು ಚೆನ್ನಾಗಿದೆ ಕಣೇ ಇಲ್ಲಿ" ಎಂದರು.